ಪಾಠದ ಕೋಣೆಯಿಂದ ರಂಗದ ಮೇಲಕ್ಕೆ: ಜಾರ್ಜ್ ಪಿಯರ್ಸ್ ಬೇಕರ್ ಅವರ ಅಧ್ಯಾಪನ



ಕಾಲೇಜಿನಲ್ಲಿ ನಾಟಕದ ಪಾಠ ಮಾಡುತ್ತ ನನ್ನ ಮೂರು ದಶಕಗಳು ಕಳೆದವು. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನು ನಾನು ಮೊದಲು ಓದಿದ್ದು ಪರೀಕ್ಷೆಗಾಗಿ. ಆಗ ಬರೆದುಕೊಂಡ ನೋಟ್ಸನ್ನೇ ಆಮೇಲೆ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ನನ್ನ ವಿದ್ಯಾರ್ಥಿಗಳಿಗೆ ಹೇಳಿದೆ. ಆ ನಾಟಕವನ್ನು ರಂಗದ ಮೇಲೆ ಕಂಡದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳಾದ ಮೇಲೆ. ಪಕ್ಕದ ಕುರ್ಚಿಯಲ್ಲಿ ವಯಸ್ಸಾದ ತಾಯಿಯೊಬ್ಬರು ಕೂತಿದ್ದರು. ನಾನು ತರಗತಿಯಲ್ಲಿ ‘ಭಾಷಾಮಿಶ್ರಣ’ ಎಂದು ಹೆಸರಿಟ್ಟು ದಾಟಿಸುತ್ತಿದ್ದ ಮಾತುಗಳಿಗೆ ಅವರು ವಾಕ್ಯ ಮುಗಿಯುವ ಮೊದಲೇ ನಗುತ್ತಿದ್ದರು; ನಕ್ಕ ಮರುಗಳಿಗೆಯಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಮಾತುಗಳು ಕಿವಿಗಾಗಿ ಬರೆದವು, ತುಂಬಿದ ಸಭೆಗಾಗಿ ಬರೆದವು ಎಂಬುದು ನನಗೆ ಅವತ್ತು ತಿಳಿಯಿತು. ಇಷ್ಟು ಕಾಲ ನಾನು ಕಲಿಸಿದ್ದು ನಾಟಕವನ್ನೋ, ಅದರ ಅಚ್ಚಿನ ಪ್ರತಿಯನ್ನೋ ಎಂಬ ಪ್ರಶ್ನೆ ಆ ರಾತ್ರಿಯಿಂದ ನನ್ನ ಬೆನ್ನು ಬಿಟ್ಟಿಲ್ಲ.

ಇದೇ ಪ್ರಶ್ನೆಯನ್ನು ನೂರು ವರ್ಷಕ್ಕೂ ಹಿಂದೆ ಎತ್ತಿಕೊಂಡು, ಅದಕ್ಕೆ ತಮ್ಮ ಇಡೀ ವೃತ್ತಿಜೀವನವನ್ನೇ ಉತ್ತರವಾಗಿ ಕೊಟ್ಟ ಅಧ್ಯಾಪಕರೊಬ್ಬರು ಅಮೆರಿಕದಲ್ಲಿದ್ದರು. ಅವರ ಹೆಸರು ಜಾರ್ಜ್ ಪಿಯರ್ಸ್ ಬೇಕರ್. ನಟರಾಗಿ ಅವರು ಹೆಸರು ಮಾಡಲಿಲ್ಲ, ನಾಟಕಕಾರರಾಗಿಯೂ ಉಳಿಯಲಿಲ್ಲ. ಮೇಷ್ಟರಾಗಿದ್ದರು, ವಿಭಾಗದ ಮುಖ್ಯಸ್ಥರಾಗಿದ್ದರು. ವಿಶ್ವವಿದ್ಯಾಲಯದಲ್ಲಿ ರಂಗಭೂಮಿಗೆ ಒಂದು ಜಾಗ ಮಾಡಿಕೊಡುವುದೆಂದರೆ ಏನು, ಅದಕ್ಕೆ ಏನೆಲ್ಲ ಬೇಕು, ಏನನ್ನೆಲ್ಲ ಬಿಡಬೇಕು ಎಂಬುದನ್ನು ಅವರ ಬಾಳಿನಷ್ಟು ಸ್ಪಷ್ಟವಾಗಿ ಹೇಳುವ ಇನ್ನೊಂದು ಬಾಳು ನನಗೆ ಗೊತ್ತಿಲ್ಲ. ಅದಕ್ಕೇ ಇಂದಿನ ದತ್ತಿ ಉಪನ್ಯಾಸಕ್ಕೆ ಅವರನ್ನು ಆರಿಸಿಕೊಂಡೆ.

ವಾದ ಕಲಿಸುತ್ತಿದ್ದ ಮೇಷ್ಟರು

ಬೇಕರ್ ಹುಟ್ಟಿದ್ದು 1866ರ ಏಪ್ರಿಲ್ 4ರಂದು, ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್‌ನಲ್ಲಿ. ತಂದೆ ವೈದ್ಯರು. 1887ರಲ್ಲಿ ಹಾರ್ವರ್ಡ್ ಪದವಿ ಪಡೆದು, ಮರುವರ್ಷವೇ ಅಲ್ಲಿಯ ಇಂಗ್ಲಿಷ್ ವಿಭಾಗಕ್ಕೆ ಅಧ್ಯಾಪಕರಾಗಿ ಸೇರಿದರು. ಅವರ ಪಾಲಿಗೆ ಬಂದದ್ದು ವಾದಮಂಡನೆಯ ಪಾಠ. ಹುಡುಗರನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುವುದು, ಭಾಷಣ ತಿದ್ದುವುದು, ಪುರಾವೆಯನ್ನು ಸರಿಯಾದ ಜಾಗದಲ್ಲಿಡಲು ಕಲಿಸುವುದು. 1895ರಲ್ಲಿ ಬಂದ ಅವರ ಮೊದಲ ಮುಖ್ಯ ಪುಸ್ತಕವೂ ವಾದಮಂಡನೆಯ ತತ್ತ್ವಗಳನ್ನು ಕುರಿತದ್ದೇ.

ಅವರ ಮುಂದಿನ ಕೆಲಸಕ್ಕೆ ಬೀಜ ಬಿದ್ದದ್ದು ಇಲ್ಲಿಯೇ ಎಂದು ನನ್ನ ನಂಬಿಕೆ. ವಾದ ಮಾಡುವವನು ಕ್ಷಣಕ್ಷಣವೂ ಕೇಳುವವನನ್ನು ನೆನೆಯಬೇಕು. ಅವನಿಗೆ ಈಗಾಗಲೇ ಏನು ಗೊತ್ತಿದೆ? ಯಾವ ಮಾತಿಗೆ ಅವನು ಹುಬ್ಬೇರಿಸುತ್ತಾನೆ? ಯಾವುದನ್ನು ಕೊನೆಯವರೆಗೂ ತಡೆದು ಇಟ್ಟುಕೊಳ್ಳಬೇಕು? ಈ ಮೂರನ್ನೂ ನಾಟಕಕಾರನೂ ಕೇಳಿಕೊಳ್ಳಬೇಕು. ಬೇಕರ್ ಅವರಿಗೆ ನಾಟಕ ಮೊದಲಿನಿಂದಲೂ ಒಬ್ಬರಿಗೊಬ್ಬರು ಎದುರಾಗಿ ನಡೆಸುವ ವ್ಯವಹಾರವಾಗಿ ಕಂಡಿತು. ಮಧ್ಯಯುಗದ ಧಾರ್ಮಿಕ ನಾಟಕಗಳಿಂದ ಹಿಡಿದು 1642ರಲ್ಲಿ ಇಂಗ್ಲೆಂಡಿನ ನಾಟಕಶಾಲೆಗಳಿಗೆ ಬೀಗ ಬಿದ್ದ ತನಕದ ಚರಿತ್ರೆಯನ್ನು ಅವರು ಪಾಠ ಮಾಡುತ್ತಿದ್ದರು. 1907ರಲ್ಲಿ ಷೇಕ್ಸ್‌ಪಿಯರ್ ಬಗ್ಗೆ ಪುಸ್ತಕ ಬರೆದಾಗಲೂ ಮಹಾಕವಿಯ ಪಟಕ್ಕೆ ಹಾರ ಹಾಕಲು ಹೋಗಲಿಲ್ಲ. ತನ್ನ ಕಾಲದ ರಂಗವನ್ನೂ ಪ್ರೇಕ್ಷಕರನ್ನೂ ನೋಡಿಕೊಂಡು ನಾಟಕದಿಂದ ನಾಟಕಕ್ಕೆ ಕಸುಬು ಕಲಿತ ಒಬ್ಬ ಕೆಲಸಗಾರನನ್ನು ಅಲ್ಲಿ ತೋರಿಸಿದರು.

ಇಂಗ್ಲಿಷ್ 47

ಕಳೆದ ಶತಮಾನದ ಮೊದಲ ದಶಕದಲ್ಲಿ ಬೇಕರ್ ನಾಟಕ ಬರೆಯುವುದನ್ನು ಕಲಿಸುವ ತರಗತಿಯೊಂದನ್ನು ತೆರೆದರು. ಮೊದಲು ಪಕ್ಕದ ರ‍್ಯಾಡ್‌ಕ್ಲಿಫ್ ಮಹಿಳಾ ಕಾಲೇಜಿನಲ್ಲಿ, ಆಮೇಲೆ ಹಾರ್ವರ್ಡ್‌ನಲ್ಲಿ. ಪಠ್ಯಪಟ್ಟಿಯಲ್ಲಿ ಅದಕ್ಕೆ ಬಿದ್ದ ಸಂಖ್ಯೆ 47. ‘ಇಂಗ್ಲಿಷ್ 47’ ಎಂಬ ಆ ಒಣ ಹೆಸರೇ ಅಮೆರಿಕದ ರಂಗಚರಿತ್ರೆಯಲ್ಲಿ ನಿಂತುಹೋಯಿತು.

ನಾಟಕ ಬರೆಯುವುದನ್ನು ಕಲಿಸಲು ಬರುತ್ತದೆಯೆ ಎಂದು ಆಗಲೂ ಕೇಳಿದರು, ಈಗಲೂ ಕೇಳುತ್ತಾರೆ. ಬೇಕರ್ ಉತ್ತರ ನೇರವಾಗಿತ್ತು: ಪ್ರತಿಭೆಯನ್ನು ಯಾರೂ ಕೊಡಲಾರರು, ಆದರೆ ಪ್ರತಿಭೆ ಇದ್ದವರು ದಾರಿ ತಪ್ಪಿ ಅಲೆಯುವ ಕಾಲವನ್ನು ಕಡಿಮೆ ಮಾಡಬಹುದು. ತರಗತಿಗೆ ಎಲ್ಲರಿಗೂ ಬಾಗಿಲು ತೆರೆದಿರಲಿಲ್ಲ. ಮೊದಲೇ ನಾಟಕ ಬರೆದು ಕಳಿಸಬೇಕು. ಅದನ್ನು ಓದಿ ಕೆಲವರನ್ನು ಆರಿಸುತ್ತಿದ್ದರು. ಬಂದವರಿಗೆ ಮೊದಲ ಕೆಲಸ ಒಂದು ಸಣ್ಣಕಥೆಯನ್ನು ಏಕಾಂಕವಾಗಿ ಮಾಡುವುದು. ಕಥೆಗಾರ ನಾಲ್ಕು ವಾಕ್ಯದಲ್ಲಿ ಹೇಳಿ ಮುಗಿಸಿದ ಮನಸ್ಸಿನ ಮಾತನ್ನು ಇಬ್ಬರು ಪಾತ್ರಧಾರಿಗಳು ಮಾಡಿ ತೋರಿಸಬೇಕಾದಾಗ ಏನಾಗುತ್ತದೆ ಎಂಬುದನ್ನು ವಿದ್ಯಾರ್ಥಿ ಕೈಯಾರೆ ಕಲಿಯುತ್ತಿದ್ದ. ಆಮೇಲೆ ಸ್ವಂತ ಏಕಾಂಕ, ಅದರ ಮೇಲೆ ಪೂರ್ಣ ನಾಟಕ. ಸಂಭಾಷಣೆಗೆ ಕೈಹಾಕುವ ಮೊದಲು ನಾಟಕದ ಹಂದರವನ್ನು ಬರೆದು ತೋರಿಸಲೇಬೇಕು. ಬರೆದದ್ದನ್ನು ಬೇಕರ್ ತರಗತಿಯಲ್ಲಿ ತಾವೇ ಗಟ್ಟಿಯಾಗಿ ಓದುತ್ತಿದ್ದರು. ಎಲ್ಲಿ ಕೇಳುವವರ ಗಮನ ಜಾರಿತು ಎಂಬುದು ಯಾರೂ ಹೇಳದೆಯೇ ಬರೆದವನಿಗೆ ಗೊತ್ತಾಗುತ್ತಿತ್ತು. ಈ ಪಾಠಕ್ರಮವೆಲ್ಲ 1919ರಲ್ಲಿ ‘ಡ್ರಮ್ಯಾಟಿಕ್ ಟೆಕ್ನಿಕ್’ ಎಂಬ ಪುಸ್ತಕವಾಯಿತು. ನಾಟಕಕ್ಕೆ ಜೀವ ಕ್ರಿಯೆ ಮತ್ತು ಭಾವ, ಮಾತು ಅವುಗಳ ಹಿಂದೆ ಬರಬೇಕು ಎಂಬುದು ಅದರ ಸಾರ.

ತರಗತಿ ಶುರುವಾದ ಕೆಲವೇ ವರ್ಷಗಳಲ್ಲಿ, 1908ರಲ್ಲಿ, ಶಿಷ್ಯ ಎಡ್ವರ್ಡ್ ಶೆಲ್ಡನ್ ಬರೆದ ‘ಸಾಲ್ವೇಶನ್ ನೆಲ್’ ನ್ಯೂಯಾರ್ಕಿನಲ್ಲಿ ಗೆದ್ದಿತು. ಶೆಲ್ಡನ್‌ಗೆ ಆಗ ಇಪ್ಪತ್ತೆರಡು ವರ್ಷ. ಕಾಲೇಜಿನ ಕೋಣೆಯಿಂದ ಹೊರಟವನು ನೇರ ವೃತ್ತಿರಂಗಕ್ಕೆ ಹೋಗಬಹುದು ಎಂದು ದೇಶಕ್ಕೆ ಗೊತ್ತಾಯಿತು.

ಪ್ರೇಕ್ಷಕರು ಬರೆದ ಚೀಟಿ

ಓದಿ ಕೇಳಿಸಿದರೆ ಸಾಲದು, ಆಡಿ ನೋಡಬೇಕು ಎಂದು ಬೇಕರ್ ಅವರಿಗೆ ಅನ್ನಿಸಿತು. 1912ರಲ್ಲಿ ಹುಟ್ಟಿದ ‘47 ವರ್ಕ್‌ಶಾಪ್’ ಈ ಅನ್ನಿಸಿಕೆಯ ಫಲ. ಹಾರ್ವರ್ಡ್‌ನಂಥ ಹಾರ್ವರ್ಡ್‌ನಲ್ಲಿ ಅದಕ್ಕೊಂದು ನಾಟಕಶಾಲೆ ಇರಲಿಲ್ಲ. ಪ್ರಯೋಗಗಳು ನಡೆದದ್ದು ರ‍್ಯಾಡ್‌ಕ್ಲಿಫ್‌ನ ಅಗಾಸಿ ಹೌಸ್ ಎಂಬ ಕಟ್ಟಡದ ಸಣ್ಣ ರಂಗದಲ್ಲಿ. ತಾಲೀಮಿಗೆ ಒಂದು ಕಡೆ, ಪ್ರಯೋಗಕ್ಕೆ ಇನ್ನೊಂದು ಕಡೆ. ಸಾಮಾನು ಹೊತ್ತು ತಿರುಗುವ ಕೆಲಸ ನಮ್ಮ ಹವ್ಯಾಸಿ ತಂಡಗಳ ಗೆಳೆಯರಿಗೆ ಹೊಸದೇನಲ್ಲ.

ಈ ವರ್ಕ್‌ಶಾಪಿನಲ್ಲಿ ನನ್ನನ್ನು ಬಹುವಾಗಿ ಹಿಡಿದ ಸಂಗತಿ ಅದರ ಪ್ರೇಕ್ಷಕರು. ಟಿಕೆಟ್ ಮಾರಾಟವಿಲ್ಲ. ಆಹ್ವಾನ ಸಿಕ್ಕವರೇ ಬರಬೇಕು, ಬಂದವರು ಒಂದು ಕರಾರಿಗೆ ಒಪ್ಪಬೇಕು: ನಾಟಕ ನೋಡಿ ಹೋದ ಕೆಲವೇ ದಿನಗಳಲ್ಲಿ ತಮಗೆ ಕಂಡದ್ದನ್ನು ಬರೆದು ಕಳಿಸಬೇಕು. ಬಂದ ಬರಹಗಳನ್ನು ಬೇಕರ್ ಓದಿ, ಬರೆದವರ ಹೆಸರು ತೆಗೆದು, ನಾಟಕಕಾರನ ಕೈಗಿಡುತ್ತಿದ್ದರು. ನಾಟಕಕಾರ ಅದನ್ನು ಓದಿಕೊಂಡು ಮತ್ತೆ ನಾಟಕ ತಿದ್ದಲು ಕೂರುತ್ತಿದ್ದ.

ಇದರ ಬೆಲೆಯನ್ನು ಸ್ವಲ್ಪ ನಿಂತು ಯೋಚಿಸಬೇಕು. ಚಪ್ಪಾಳೆ ಹೊಡೆದು ಮನೆಗೆ ಹೋಗುವುದು ಸುಲಭ. ಪತ್ರಿಕೆಯ ವಿಮರ್ಶೆ ನಾಟಕವನ್ನು ಎತ್ತುತ್ತದೆ ಇಲ್ಲವೆ ಹೊಡೆಯುತ್ತದೆ. ಬರೆದವನಿಗೆ ಅಲ್ಲಿಂದ ಮುಂದಿನ ದಾರಿ ಸಿಗುವುದು ಕಡಿಮೆ. ಬೇಕರ್ ಮಾಡಿದ್ದು, ನೋಡುವುದನ್ನೂ ಒಂದು ಜವಾಬ್ದಾರಿಯ ಕೆಲಸವಾಗಿಸಿದ್ದು. ವಿಜ್ಞಾನದ ವಿಭಾಗಕ್ಕೆ ಪ್ರಯೋಗಾಲಯ ಇರುವ ಹಾಗೆ ನಾಟಕದ ವಿಭಾಗಕ್ಕೆ ರಂಗ ಇರಬೇಕು, ಪ್ರಯೋಗದ ಫಲಿತಾಂಶವನ್ನು ಬರೆದುಕೊಳ್ಳುವ ಹಾಗೆ ಪ್ರೇಕ್ಷಕರ ಅನುಭವವನ್ನೂ ಬರೆದುಕೊಳ್ಳಬೇಕು ಎಂಬುದನ್ನು ಅವರು ಬಾಯಲ್ಲಿ ಹೇಳುವ ಬದಲು ನಡೆಸಿ ತೋರಿಸಿದರು.

ಗುರು ತಪ್ಪಿದ ಕಡೆ

ಬೇಕರ್ ಅವರ ತೀರ್ಪೆಲ್ಲ ಸರಿಯಾಗಿತ್ತು ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. 1914ರ ಬೇಸಿಗೆಯಲ್ಲಿ ಅವರಿಗೆ ಒಂದು ಪತ್ರ ಬಂತು. ಬರೆದವನು ಆ ಕಾಲದ ಹೆಸರಾಂತ ನಟ ಜೇಮ್ಸ್ ಓನೀಲ್ ಅವರ ಮಗ. ಕಾಲೇಜು ಬಿಟ್ಟವನು, ಹಡಗಿನಲ್ಲಿ ದುಡಿದವನು, ಕ್ಷಯ ತಗುಲಿ ಆರೋಗ್ಯಧಾಮದಲ್ಲಿ ಮಲಗಿ ಎದ್ದವನು. ಸಾಧಾರಣದವನಾಗಿ ಉಳಿಯಲು ಒಲ್ಲೆ, ಕಲಾವಿದನೇ ಆಗಬೇಕು ಎಂಬ ಹಟ ಆ ಪತ್ರದಲ್ಲಿತ್ತು. ಯುಜೀನ್ ಓನೀಲ್ ಒಂದು ವರ್ಷ ಇಂಗ್ಲಿಷ್ 47ರಲ್ಲಿ ಕೂತರು. ಅವರು ಆಗಲೇ ಬರೆದಿದ್ದ, ಹಡಗಿನ ಕೆಳಕೋಣೆಯಲ್ಲಿ ಸಾಯುತ್ತಿರುವ ನಾವಿಕನ ಏಕಾಂಕ ‘ಬೌಂಡ್ ಈಸ್ಟ್ ಫಾರ್ ಕಾರ್ಡಿಫ್’ ಬೇಕರ್ ಅವರಿಗೆ ನಾಟಕವಾಗಿ ಕಾಣಲಿಲ್ಲ. ಕಟ್ಟಿನಲ್ಲಿ ಬಿಗಿಯಾದ, ಘಟನೆಗೆ ಘಟನೆ ಕೊಂಡಿ ಹಾಕಿದ ನಾಟಕದ ಮೇಲೆ ಅವರಿಗಿದ್ದ ಒಲವು, ಬರಿಯ ವಾತಾವರಣದಲ್ಲೇ ದುಃಖವನ್ನು ಹಿಡಿದಿಟ್ಟ ಆ ಹೊಸ ಬರಹಕ್ಕೆ ಅಡ್ಡ ಬಂತು. 1916ರಲ್ಲಿ ಪ್ರಾವಿನ್ಸ್‌ಟೌನ್ ಎಂಬ ಕಡಲೂರಿನ ತಂಡ ಅದನ್ನು ಆಡಿದಾಗ ಓನೀಲ್ ಅವರ ಯುಗವೇ ಶುರುವಾಯಿತು.

ಹೀಗಿದ್ದೂ ಓನೀಲ್ ತಮ್ಮ ಗುರುವನ್ನು ಕೊನೆಯ ತನಕ ಗೌರವದಿಂದ ನೆನೆದರು. ಸೂತ್ರಗಳಿಗಿಂತ ದೊಡ್ಡದೊಂದು ಅವರಿಗೆ ಆ ಕೋಣೆಯಲ್ಲಿ ಸಿಕ್ಕಿತ್ತು. ಅಮೆರಿಕದ ರಂಗ ಬರಿಯ ವ್ಯಾಪಾರವಾಗಿದ್ದ ಕಾಲದಲ್ಲಿ ನಾಟಕ ಬರೆಯುವುದು ಬಾಳನ್ನೇ ಮುಡಿಪಿಡಬಹುದಾದ ಕೆಲಸ ಎಂದು ನಂಬಿದ ಹಿರಿಯರೊಬ್ಬರು ಅಲ್ಲಿದ್ದರು. ಕಲಿಯುವವನಿಗೆ ಮೇಷ್ಟರ ಅಭಿರುಚಿಗಿಂತ ಮೇಷ್ಟರ ನಂಬಿಕೆ ಹೆಚ್ಚು ಬೇಕಾಗುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇನ್ನೊಬ್ಬ ಶಿಷ್ಯ ಥಾಮಸ್ ವುಲ್ಫ್. 1920ರಿಂದ 1923ರ ತನಕ ಹಾರ್ವರ್ಡ್‌ನಲ್ಲಿದ್ದ ಈ ಹುಡುಗನ ದೊಡ್ಡ ನಾಟಕವೊಂದನ್ನು ವರ್ಕ್‌ಶಾಪ್ ಆಡಿತು. ವೃತ್ತಿರಂಗದವರು ಅದನ್ನು ಒಪ್ಪಲಿಲ್ಲ. ವುಲ್ಫ್ ರಂಗದಲ್ಲಿ ಹಿಡಿಯದ ತಮ್ಮ ಮಾತಿನ ಹೊಳೆಯನ್ನು ಕಾದಂಬರಿಗೆ ತಿರುಗಿಸಿದರು. ಅವರ ‘ಆಫ್ ಟೈಮ್ ಅಂಡ್ ದ ರಿವರ್’ ಕಾದಂಬರಿಯಲ್ಲಿ ಬರುವ ಪ್ರೊಫೆಸರ್ ಹ್ಯಾಚರ್ ಎಂಬ ಪಾತ್ರಕ್ಕೆ ಬೇಕರ್ ಅವರೇ ಮಾದರಿ. ಚಿತ್ರಣ ಪೂರಾ ಮೆಚ್ಚುಗೆಯದಲ್ಲ. ಆ ಪುಸ್ತಕ 1935ರ ಮಾರ್ಚ್‌ನಲ್ಲಿ ಹೊರಬಂದಾಗ ಬೇಕರ್ ತೀರಿಕೊಂಡು ಎರಡು ತಿಂಗಳಾಗಿತ್ತು.

ಹಾರ್ವರ್ಡ್ ಕೊಡದ್ದು, ಯೇಲ್ ಕೊಟ್ಟದ್ದು

ಇಷ್ಟೆಲ್ಲ ನಡೆದರೂ ಹಾರ್ವರ್ಡ್ ಆಡಳಿತಕ್ಕೆ ರಂಗಭೂಮಿ ವಿದ್ಯೆಯಾಗಿ ಕಾಣಲಿಲ್ಲ. ಬೇಕರ್ ರಂಗಮಂದಿರ ಕೇಳಿದರು, ನಾಟಕರಚನೆಗೆ ಪದವಿಯ ಮಾನ್ಯತೆ ಕೇಳಿದರು. ಅಧ್ಯಕ್ಷ ಲೊವೆಲ್ ಅವರ ಕಾಲದಲ್ಲಿ ಎರಡೂ ದಕ್ಕಲಿಲ್ಲ. ಅತ್ತ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಸಂಸ್ಥೆ 1914ರಲ್ಲೇ ನಾಟಕದಲ್ಲಿ ಪದವಿ ಕೊಡುವ ವಿಭಾಗ ತೆರೆದಿತ್ತು.

ಇಲ್ಲಿ ಒಂದು ದತ್ತಿಯ ಕಥೆ ಬರುತ್ತದೆ. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಸಂಪತ್ತಿಗೆ ವಾರಸುದಾರರಾಗಿದ್ದ ಎಡ್ವರ್ಡ್ ಹಾರ್ಕ್‌ನೆಸ್ ತಾವು ಓದಿದ ಯೇಲ್ ವಿಶ್ವವಿದ್ಯಾಲಯಕ್ಕೆ 1924ರಲ್ಲಿ ಹತ್ತು ಲಕ್ಷ ಡಾಲರ್ ಕೊಟ್ಟರು. ಆ ಹಣ ನಾಟಕ ವಿಭಾಗಕ್ಕೆ ಮತ್ತು ಒಂದು ರಂಗಮಂದಿರಕ್ಕೆ. ಹಾರ್ವರ್ಡ್‌ನಲ್ಲಿ ಮೂವತ್ತೇಳು ವರ್ಷ ದುಡಿದಿದ್ದ ಬೇಕರ್ 1925ರಲ್ಲಿ ಅದನ್ನು ಬಿಟ್ಟು ಯೇಲ್ ಸೇರಿದರು. ವಯಸ್ಸು ಐವತ್ತೊಂಬತ್ತು. ನಮ್ಮಲ್ಲಿ ನಿವೃತ್ತಿಯ ಲೆಕ್ಕ ಹಾಕುವ ವಯಸ್ಸಿನಲ್ಲಿ ಅವರು ತಳಪಾಯದಿಂದ ಒಂದು ವಿಭಾಗ ಕಟ್ಟಲು ಹೊರಟರು. ಯಾರ್ಕ್ ಸ್ಟ್ರೀಟ್‌ನ ಹೊಸ ರಂಗಮಂದಿರ 1926ರ ಡಿಸೆಂಬರ್‌ನಲ್ಲಿ ತೆರೆಯಿತು.

ಅವರು ಮುಖ್ಯಸ್ಥರಾಗಿದ್ದ ಆ ವಿಭಾಗದ ಬಗ್ಗೆ ಎರಡು ಸಂಗತಿ ಹೇಳುತ್ತೇನೆ. ಒಂದು, ವಿಭಾಗ ಸೇರಿದ್ದು ಲಲಿತಕಲಾ ಶಾಲೆಗೆ, ಇಂಗ್ಲಿಷ್ ವಿಭಾಗಕ್ಕಲ್ಲ. ಚಿತ್ರ, ಶಿಲ್ಪ, ವಾಸ್ತುಗಳ ಪಕ್ಕದಲ್ಲಿ ರಂಗಕಲೆ ಕೂತಿತು. ಎರಡನೆಯದು, ನಾಟಕ ಬರೆಯುವವರಿಗೆ ಕಲಿಸುವ ತಾವೊಬ್ಬರೇ ಸಾಕು ಎಂದು ಅವರು ತಿಳಿಯಲಿಲ್ಲ. ರಂಗವಿನ್ಯಾಸಕ್ಕೆ ತಮ್ಮ ಹಳೆಯ ಶಿಷ್ಯ ಡೊನಾಲ್ಡ್ ಓಯೆನ್‌ಸ್ಲೇಗರ್, ನಿರ್ದೇಶನಕ್ಕೆ ಅಲೆಕ್ಸಾಂಡರ್ ಡೀನ್, ಬೆಳಕಿಗೆ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್ಲೆಸ್. ವಾಸ್ತುಶಿಲ್ಪ ಓದಿದ್ದ ಮೆಕ್‌ಕ್ಯಾಂಡ್ಲೆಸ್ ರಂಗದ ಬೆಳಕನ್ನು ಶಾಸ್ತ್ರವಾಗಿ ಕಲಿಸಲು ಶುರುಮಾಡಿ, 1932ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ರಂಗವನ್ನು ತುಂಡುತುಂಡಾಗಿ ಗುರುತಿಸಿಕೊಂಡು, ಪ್ರತಿ ತುಂಡಿಗೂ ಎದುರಿನ ಎರಡು ಪಕ್ಕಗಳಿಂದ, ನಲವತ್ತೈದು ಡಿಗ್ರಿಯ ಓರೆಯಲ್ಲಿ, ಒಂದು ಬೆಚ್ಚನೆಯ ಬಣ್ಣದ ದೀಪ, ಒಂದು ತಣ್ಣನೆಯ ಬಣ್ಣದ ದೀಪ ಬಿಡುವ ಕ್ರಮ ಅವರದು. ಮೆಕ್‌ಕ್ಯಾಂಡ್ಲೆಸ್ ಹೆಸರು ಕೇಳದವರೂ ನಮ್ಮ ರಂಗಶಿಬಿರಗಳಲ್ಲಿ ಬೆಳಕಿನ ಮೊದಲ ಪಾಠವಾಗಿ ಇದನ್ನೇ ಕಲಿಯುತ್ತಾರೆ. ಒಬ್ಬ ಮುಖ್ಯಸ್ಥರು ತಮಗೆ ಬಾರದ ವಿದ್ಯೆಗೆ ಕುರ್ಚಿ ಹಾಕಿಸಿದ್ದರಿಂದ ಹುಟ್ಟಿದ ಬೆಳಕು ಇಷ್ಟು ದೂರ ಬಂದಿದೆ.

1931ರಲ್ಲಿ ಯೇಲ್ ನಾಟಕದಲ್ಲಿ ಸ್ನಾತಕೋತ್ತರ ಪದವಿ ಕೊಡಲು ಆರಂಭಿಸಿತು. ಆರೋಗ್ಯ ಕೆಟ್ಟು ಬೇಕರ್ 1933ರಲ್ಲಿ ನಿವೃತ್ತರಾದರು. 1935ರ ಜನವರಿ 6ರಂದು ತೀರಿಕೊಂಡರು. ಮರುವರ್ಷ ಓನೀಲ್ ಅವರಿಗೆ ನೊಬೆಲ್ ಬಂತು. ಅದನ್ನು ನೋಡಲು ಗುರು ಇರಲಿಲ್ಲ.

ಹಾರ್ವರ್ಡ್ ಪದವಿ ಮಟ್ಟದಲ್ಲಿ ರಂಗಭೂಮಿಯನ್ನು ಮುಖ್ಯ ವಿಷಯವಾಗಿ ತೆರೆದದ್ದು 2015ರಲ್ಲಿ. ಬೇಕರ್ ಹೊರಟುಹೋಗಿ ಆಗ ತೊಂಬತ್ತು ವರ್ಷಗಳಾಗಿದ್ದವು.

ಶಿಷ್ಯರ ಸಾಲು

ಅಧ್ಯಾಪಕರ ಸಾಧನೆಯನ್ನು ಅವರ ಪ್ರಕಟಣೆಗಳ ಪಟ್ಟಿಯಲ್ಲಿ ಹುಡುಕುವುದು ನಮಗೀಗ ಅಭ್ಯಾಸವಾಗಿದೆ. ಬೇಕರ್ ಅವರದನ್ನು ಬೇರೆ ಕಡೆ ಹುಡುಕಬೇಕು. ಸಿಡ್ನಿ ಹೊವರ್ಡ್, ಫಿಲಿಪ್ ಬ್ಯಾರಿ, ಎಸ್. ಎನ್. ಬೆಹರ್‌ಮನ್ ಬೇಕರ್ ತರಗತಿಯಲ್ಲಿ ಕೂತ ನಾಟಕಕಾರರು. ಮೊರೀನ್ ವಾಟ್ಕಿನ್ಸ್ ಪತ್ರಿಕಾ ವರದಿಗಾರ್ತಿಯಾಗಿ ನ್ಯಾಯಾಲಯದಲ್ಲಿ ಕಂಡ ಕೊಲೆ ಮೊಕದ್ದಮೆಗಳನ್ನು ನಾಟಕವಾಗಿಸಿದ್ದು ಯೇಲ್‌ನಲ್ಲಿ ಬೇಕರ್ ಕೈಕೆಳಗೆ. ಆ ‘ಷಿಕಾಗೊ’ 1926ರ ಕೊನೆಯಲ್ಲಿ ಬ್ರಾಡ್‌ವೇ ಹತ್ತಿತು. ಫ್ರೆಡರಿಕ್ ಕಾಕ್ ನಾರ್ತ್ ಕ್ಯಾರೊಲಿನಾಕ್ಕೆ ಹೋಗಿ, ತಮ್ಮ ನೆಲದ ಜನರ ಬದುಕಿನ ಬಗ್ಗೆ ಬರೆಯುವ ನಾಟಕಕಾರರನ್ನು ಬೆಳೆಸಿದರು. ಹ್ಯಾಲಿ ಫ್ಲ್ಯಾನಗನ್ ವ್ಯಾಸರ್ ಕಾಲೇಜಿನಲ್ಲಿ ಪ್ರಯೋಗರಂಗ ಕಟ್ಟಿ, ಆರ್ಥಿಕ ಕುಸಿತದ ಕಾಲದಲ್ಲಿ, 1935ರಿಂದ 1939ರ ತನಕ, ಸಾವಿರಾರು ಕಲಾವಿದರಿಗೆ ಕೆಲಸ ಕೊಟ್ಟ ಸರ್ಕಾರಿ ‘ಫೆಡರಲ್ ಥಿಯೇಟರ್’ ಯೋಜನೆಯನ್ನು ಮುನ್ನಡೆಸಿದರು. ಕಾಕ್ ಅವರ ಶಿಷ್ಯನಾಗಿ ವುಲ್ಫ್ ಬೇಕರ್ ಬಳಿಗೆ ಬಂದರು ಎಂಬುದನ್ನು ನೆನೆದರೆ ಗುರುಪರಂಪರೆ ಎಂಬ ನಮ್ಮ ಮಾತಿಗೆ ಅಲ್ಲೂ ಅರ್ಥವಿದೆ ಎನ್ನಿಸುತ್ತದೆ.

ನಮ್ಮ ಅಂಗಳ

ಕನ್ನಡಕ್ಕೂ ಇಂಥ ವಿಶ್ವವಿದ್ಯಾಲಯ ರಂಗದಿಂದ ಒಂದು ಉಡುಗೊರೆ ಬಂದಿದೆ. ಗಿರೀಶ ಕಾರ್ನಾಡರು ಷಿಕಾಗೊ ವಿಶ್ವವಿದ್ಯಾಲಯಕ್ಕೆ ಅತಿಥಿ ಪ್ರಾಧ್ಯಾಪಕರಾಗಿ ಹೋಗಿದ್ದಾಗ, ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ‘ನಾಗಮಂಡಲ’ವಾಗಿ ಬೆಳೆಸಿದರು. ಅದನ್ನು ಅಲ್ಲಿಯ ವಿದ್ಯಾರ್ಥಿಗಳ ರಂಗ ಆಡಿತು; 1993ರಲ್ಲಿ ಮಿನಿಯಾಪೊಲಿಸ್‌ನ ಗತ್ರಿ ಥಿಯೇಟರ್ ಕೈಗೆತ್ತಿಕೊಂಡಿತು. ನಮ್ಮ ಅಜ್ಜಿಯರ ಕಥೆ ನಾಟಕವಾಗುವಾಗ ಒಂದು ವಿಶ್ವವಿದ್ಯಾಲಯ ಅದಕ್ಕೆ ಬಿಡುವು ಕೊಟ್ಟಿತು, ಅಂಗಳ ಕೊಟ್ಟಿತು.

ಇನ್ನು ನಮ್ಮ ನೆಲದಲ್ಲಿ ಬೇಕರ್ ಕೆಲಸಕ್ಕೆ ಹತ್ತಿರವಾದದ್ದು ಬಹುಪಾಲು ವಿಶ್ವವಿದ್ಯಾಲಯದ ಹೊರಗೆ ನಡೆಯಿತು. ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ಹುಟ್ಟುಹಾಕಿದ ನೀನಾಸಂ, 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. 1985ರಿಂದ ‘ತಿರುಗಾಟ’ದ ಮೂಲಕ ನಾಟಕಗಳನ್ನು ಊರೂರಿಗೆ ಒಯ್ದಿತು. ಅಡಿಕೆ ತೋಟಗಳ ನಡುವಿನ ಒಂದು ಹಳ್ಳಿಯಲ್ಲಿ ರಂಗವೂ ಇತ್ತು, ನಾಟಕ ನೋಡಿ ಗಂಟೆಗಟ್ಟಲೆ ಚರ್ಚಿಸುವ ಪ್ರೇಕ್ಷಕರೂ ಇದ್ದರು. ಮೈಸೂರಿನಲ್ಲಿ ಬಿ. ವಿ. ಕಾರಂತರು 1989ರಲ್ಲಿ ರಂಗಾಯಣ ಕಟ್ಟಿದರು. ಇದು ನಮ್ಮ ಹೆಮ್ಮೆ. ಆದರೆ ಹಳ್ಳಿಯೊಂದು ಮಾಡಿದ್ದನ್ನು ಅಷ್ಟೊಂದು ಕಟ್ಟಡಗಳಿರುವ ನಮ್ಮ ಕ್ಯಾಂಪಸ್ಸುಗಳು ಯಾಕೆ ಮಾಡಬಾರದು?

ಬೇಕರ್ ಅವರ ಬಾಳಿನಿಂದ ನಾನು ಕಲಿತದ್ದನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ಗುರುವಿನ ಅಭಿರುಚಿ ತಪ್ಪಬಹುದು. ರಂಗವೂ ಪ್ರಾಮಾಣಿಕ ಪ್ರೇಕ್ಷಕರೂ ಇದ್ದರೆ ಶಾಲೆ ತಪ್ಪುವುದಿಲ್ಲ. ಅವೆರಡೂ ಇಲ್ಲದ ಕಡೆ ಎಂಥ ವಿದ್ವಾಂಸರಿದ್ದರೂ ವಿದ್ಯಾರ್ಥಿಗೆ ಸಿಗುವುದು ಅಚ್ಚಿನ ಪ್ರತಿ ಮಾತ್ರ.

ಹಾರ್ಕ್‌ನೆಸ್ ಅವರ ದತ್ತಿಯಿಂದ ಹುಟ್ಟಿದ ಆ ವಿಭಾಗ ಮುಂದೆ ಪ್ರತ್ಯೇಕ ನಾಟಕ ಶಾಲೆಯಾಯಿತು. 2021ರಲ್ಲಿ ಇನ್ನೊಬ್ಬರು ಕೊಟ್ಟ ಹದಿನೈದು ಕೋಟಿ ಡಾಲರ್ ದತ್ತಿಯಿಂದ ಅಲ್ಲಿ ಬೋಧನಾ ಶುಲ್ಕವೇ ಇಲ್ಲವಾಯಿತು. ಅಷ್ಟು ಹಣದ ಕನಸು ನಮಗೆ ಬೇಡ. ಆದರೆ ಈ ಸಭೆಯಲ್ಲಿ ಮುಂದೆ ದತ್ತಿ ಇಡುವ ಮನಸ್ಸುಳ್ಳವರು ಇದ್ದರೆ ಅವರಲ್ಲಿ ನನ್ನ ಬಿನ್ನಹ ಇದು: ನನ್ನಂಥವರ ಭಾಷಣಕ್ಕೆ ಇಟ್ಟಿರಿ, ಋಣಿ, ಮುಂದಿನದನ್ನು ಒಂದು ಕೋಣೆಗೆ, ನೂರು ಕುರ್ಚಿಗೆ, ಹನ್ನೆರಡು ದೀಪಕ್ಕೆ ಇಡಿ. ವಿದ್ಯಾರ್ಥಿ ಬರೆದ ನಾಟಕವನ್ನು ವಿದ್ಯಾರ್ಥಿಗಳೇ ಅಲ್ಲಿ ಆಡಲಿ.

ಅದು ಆಗುವ ತನಕ ಕಾಯಬೇಕಾಗಿಲ್ಲ, ಮಕ್ಕಳೆ. ಈ ತಿಂಗಳು ಒಂದು ಹೊಸ ಕನ್ನಡ ನಾಟಕ ನೋಡಿ. ನೋಡಿ ಬಂದು, ನಿಮಗೆ ಎಲ್ಲಿ ಮನಸ್ಸು ತುಂಬಿತು, ಎಲ್ಲಿ ಗಮನ ಜಾರಿತು ಎಂದು ಒಂದು ಪುಟ ಬರೆದು ಆ ನಾಟಕಕಾರರಿಗೆ ಕಳಿಸಿ.